ಶಿಕ್ಷಕರು ಯಾಕೆ ಹೋದರು? ದಾಖಲೆ ಕೇಳದ ಪ್ರಶ್ನೆ

ಕಾರ್ಕಳ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು ಹುಟ್ಟಿದ್ದು ಯಾವಾಗ, ಸೇವೆಗೆ ಸೇರಿದ್ದು ಯಾವಾಗ, ಓದಿದ್ದೇನು, ಕಲಿಸುವುದೇನು ಎಂಬುದೆಲ್ಲ ಇವತ್ತು ಕಂಪ್ಯೂಟರಿನಲ್ಲಿದೆ. ಈ ಪದ್ಧತಿ ಬೆಳೆದದ್ದು ಶಾಲೆಗಳನ್ನು ಎಣಿಸುವ ಕೆಲಸದಿಂದ. 1957ರ ಮೊದಲ ಅಖಿಲ ಭಾರತ ಶಿಕ್ಷಣ ಸಮೀಕ್ಷೆಗೆ ಬೇಕಿದ್ದದ್ದು ಶಾಲೆ ಇರುವ, ಇಲ್ಲದ ಊರುಗಳ ಲೆಕ್ಕ. 1990ರ ದಶಕದ ನಡುವೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಜೊತೆ ಶಾಲೆಗಳ ಮಾಹಿತಿ ಕಲೆಹಾಕುವ ಡೈಸ್ ವ್ಯವಸ್ಥೆ ಬಂತು. ಕರ್ನಾಟಕದಲ್ಲಿ ಆ ಕಾರ್ಯಕ್ರಮದ ಮೊದಲ ಹಂತಕ್ಕೆ ಸೇರಿದ್ದು ಮಂಡ್ಯ, ಕೋಲಾರ, ರಾಯಚೂರು, ಬೆಳಗಾವಿ, ಕರಾವಳಿ ಸೇರಿರಲಿಲ್ಲ. 2012-13ರಲ್ಲಿ ಪ್ರೌಢಶಾಲೆಗಳನ್ನೂ ಒಳಗೊಂಡು ಡೈಸ್ ಯು-ಡೈಸ್ ಆಯಿತು. ಸೆಪ್ಟೆಂಬರ್ 30ಕ್ಕೆ ಶಾಲೆಯಲ್ಲಿ ಯಾರಿದ್ದರೋ ಅವರದ್ದೇ ಲೆಕ್ಕವಾಗಿತ್ತು. ಇದ್ದವರನ್ನು ಎಣಿಸಲು ಹುಟ್ಟಿದ ವ್ಯವಸ್ಥೆಗೆ ಹೋದವರ ಮನಸ್ಸು ತಿಳಿಯುವ ಅಗತ್ಯ ಬೀಳಲಿಲ್ಲ.

ಈ ಕೊರತೆ ಎದ್ದು ಕಾಣುವುದು ವರ್ಗಾವಣೆಯಲ್ಲಿ. ಉಡುಪಿ, ದಕ್ಷಿಣ ಕನ್ನಡದ ಶಾಲೆಗಳಲ್ಲಿ ಉತ್ತರ ಕರ್ನಾಟಕದಿಂದ ಬಂದ ಶಿಕ್ಷಕರು ಬಹಳ ಮಂದಿ. ಪ್ರಾಥಮಿಕ ಶಿಕ್ಷಕರಿಗೆ ಜಿಲ್ಲೆಯೇ ಘಟಕವಾದ್ದರಿಂದ ಊರಿಗೆ ಮರಳಲು ಘಟಕದ ಹೊರಗಿನ ವರ್ಗಾವಣೆಯೇ ಆಗಬೇಕು. 2007ರ ವರ್ಗಾವಣೆ ಕಾಯ್ದೆಯೂ ಅದರ ಜಾಗಕ್ಕೆ ಬಂದ 2020ರ ಕಾಯ್ದೆಯೂ ಇದಕ್ಕೆ ಕೌನ್ಸೆಲಿಂಗ್‌ನ ದಾರಿ ಮಾಡಿಕೊಟ್ಟವು. ಅರ್ಜಿಯಲ್ಲಿಯೇ ಕಾರಣ ಇರುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಅಲ್ಲಿರುವುದು ಕಾಯಿಲೆ, ಅಂಗವೈಕಲ್ಯ, ಪತಿ-ಪತ್ನಿ ಪ್ರಕರಣದಂಥ ಆದ್ಯತೆಯ ವರ್ಗಗಳು. ಈದು, ನೂರಾಳ್‌ಬೆಟ್ಟು ಕಡೆಯ ಶಾಲೆಗೆ ಬಂದವರು ಬಾಡಿಗೆ ಮನೆ ಸಿಗದೆಯೋ ಸಂಜೆಯ ಬಸ್ಸಿಲ್ಲದೆಯೋ ಹೊರಟರೆ ಅದನ್ನು ಬರೆಯುವ ಜಾಗವಿಲ್ಲ. ಬಿಡುಗಡೆ ಆದೇಶದಲ್ಲಿ 'ವರ್ಗಾವಣೆ' ಎಂದಷ್ಟೇ ಉಳಿಯುತ್ತದೆ. ಊರಿನ ಸೆಳೆತದಿಂದ ಹೋದವರನ್ನು ತಡೆಯುವುದು ಕಷ್ಟ, ತಡೆಯಲೂಬಾರದು. ಮನೆ, ಬಸ್ಸಿಗಾಗಿ ಹೋದವರನ್ನು ಉಳಿಸಿಕೊಳ್ಳಬಹುದಿತ್ತು. ನಿವೃತ್ತಿಯ ಮಾತೇ ಬೇರೆ: 60 ತುಂಬುವ ದಿನ ಸೇವಾ ಪುಸ್ತಕದಲ್ಲೇ ಇದೆ, ಆ ಜಾಗ ಖಾಲಿ ಬೀಳಲು ಬಿಡುವುದಕ್ಕೆ ನೆಪವೇ ಇಲ್ಲ.

2024ರ ಎಸ್ಸೆಸ್ಸೆಲ್ಸಿಯಲ್ಲಿ ಶೇ 94 ಫಲಿತಾಂಶ ತಂದು ರಾಜ್ಯಕ್ಕೇ ಮೊದಲಾದ ಉಡುಪಿ ಜಿಲ್ಲೆಗೆ ಈ ಚಿಂತೆ ಯಾಕೆ ಎನ್ನುವವರಿದ್ದಾರೆ. ಹತ್ತನೆಯ ತರಗತಿಯ ಫಲಿತಾಂಶ ಮೂರನೆಯ ತರಗತಿಯ ಖಾಲಿ ಹುದ್ದೆಯನ್ನು ತೋರಿಸುವುದಿಲ್ಲ. ಅಲ್ಲಿ ಪಾಠ ನಡೆಸುವ ಅತಿಥಿ ಶಿಕ್ಷಕರ ನೇಮಕ ಶಾಲಾ ವರ್ಷಕ್ಕಷ್ಟೇ. ನಡುವೆ ಬಿಟ್ಟರೂ ಯಾರೂ ಕಾರಣ ಕೇಳುವುದಿಲ್ಲ. ಆನ್‌ಲೈನ್ ಮಾಹಿತಿ ತುಂಬಿಯೇ ಸಾಕಾಗಿದೆ ಎಂಬ ಶಿಕ್ಷಕರ ದೂರು ಮಾತ್ರ ನ್ಯಾಯವಾದದ್ದು. ಹಾಗಾಗಿ ಕೇಳಬೇಕಾದದ್ದು ಹೋಗುವವರನ್ನು, ಒಮ್ಮೆ ಮಾತ್ರ, ಅದೂ ಮೇಲಧಿಕಾರಿಗಳ ಮೂಲಕವಲ್ಲ. ಅಮೆರಿಕದಲ್ಲಿ 1988-89ರಷ್ಟು ಹಿಂದೆಯೇ ಕೆಲಸ ಬಿಟ್ಟ ಶಿಕ್ಷಕರನ್ನು ಹುಡುಕಿ ಕಾರಣ ಕೇಳುವ ಸಮೀಕ್ಷೆ ನಡೆದಿದೆ. ಉಡುಪಿಯ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಮುಂದಿನ ವರ್ಗಾವಣೆಯ ಹೊತ್ತಿಗೆ ಕಾರ್ಕಳದಿಂದಲೇ ಈ ಕೆಲಸ ಆರಂಭಿಸಲಿ, ಅತಿಥಿ ಶಿಕ್ಷಕರನ್ನೂ ತಪ್ಪದೆ ಕೇಳಲಿ.