ಅಪ್ಪನ ಬೈಕು ಮತ್ತು ನಾಲ್ಕು ಎಂಎಂ ಪೈಪು

ಊರು ಬಿಟ್ಟು ಬಂದವರಲ್ಲಿ ಎರಡು ಬಗೆ. ಬಂದ ವರ್ಷವೇ ಹೊಸ ಗಾಡಿ ಕೊಂಡು ಆ ಊರಿನ ನಂಬರು ಹಾಕಿಸಿಕೊಳ್ಳುವವರು ಒಂದು ಬಗೆ. ಊರಿನ ಹಳೆ ಗಾಡಿಯನ್ನು ರೈಲಿನ ಪಾರ್ಸೆಲಿಗೆ ಹಾಕಿ ತರಿಸಿ, ಕೆಎ ಪ್ಲೇಟನ್ನು ಒರೆಸಿ ಒರೆಸಿ ಇಟ್ಟುಕೊಳ್ಳುವವರು ಇನ್ನೊಂದು. ನಾನು ಎರಡನೆಯ ಪೈಕಿ. ಕೊಚ್ಚಿಯ ಕಾಕ್ಕನಾಡಿನಲ್ಲಿ ನಮ್ಮ ಫ್ಲ್ಯಾಟಿನ ಕೆಳಗೆ ನಿಂತಿರುವ 150 ಸಿಸಿ ಬೈಕು 2011ರದ್ದು. ಕೆಎ 21, ಅಂದರೆ ಪುತ್ತೂರು ಆರ್‌ಟಿಒ. ಸುಳ್ಯದ ಮನೆಯಿಂದ ಅಪ್ಪ ರಬ್ಬರ್ ಶೀಟು ಕಟ್ಟಿಕೊಂಡು ಪೇಟೆಗೆ ಹೋಗುತ್ತಿದ್ದದ್ದು ಇದರಲ್ಲೇ. ಹಿಂದಿನ ಕ್ಯಾರಿಯರಿಗೆ ಇನ್ನೂ ಹೊಗೆಗೂಡಿನ ವಾಸನೆ ಉಂಟು ಎಂದು ನನ್ನ ವಾದ. ಹೆಂಡತಿ ಒಪ್ಪುವುದಿಲ್ಲ.

ಈ ಬಗೆಯವರಿಗೆಲ್ಲ ಗೊತ್ತಿರುವ ಒಂದು ಕಾನೂನು ಉಂಟು. ಒಂದು ರಾಜ್ಯದಲ್ಲಿ ನೋಂದಣಿಯಾದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಅಲ್ಲಿಯ ನಂಬರು ಪಡೆಯಬೇಕು. 2021ರಲ್ಲಿ ಬಂದ ಬಿಎಚ್ ಸರಣಿ ಹೊಸ ಗಾಡಿ ಕೊಳ್ಳುವ ವರ್ಗಾವಣೆಯ ನೌಕರರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು, ಅಪ್ಪನ ಬೈಕಿಗೆ ಅಲ್ಲ. ನನ್ನದಕ್ಕೆ ಇನ್ನೊಂದು ಗಂಟು: ನೋಂದಣಿಯಾಗಿ 15 ವರ್ಷ ತುಂಬುವ ವರ್ಷವೂ ಇದೇ. ಊರಿನ ಎನ್‌ಒಸಿ, ಇಲ್ಲಿಯ ತೆರಿಗೆ, ಜೊತೆಗೆ ಗಾಡಿಯನ್ನು ಇನ್‌ಸ್ಪೆಕ್ಟರ ಮುಂದೆ ನಿಲ್ಲಿಸಿ ಫಿಟ್‌ನೆಸ್ ಮಾಡಿಸಬೇಕು. ಅದರಲ್ಲಿ ಪಾಸಾಗದಿದ್ದರೆ ಗುಜರಿ.

ಸರಿಯಾಗಿ ಈ ಹೊತ್ತಿಗೇ ಬೈಕು ಮುನಿಸಿಕೊಂಡಿತು. ತಣ್ಣಗಿರುವಾಗ ಚೋಕ್ ಎಳೆಯದೆ ನಿಲ್ಲುವುದಿಲ್ಲ. ಬಿಸಿಯಾದ ಮೇಲೆ ಐಡ್ಲಿಂಗ್ ತಾನಾಗಿ ಏರುತ್ತದೆ, ಇಳಿಯುತ್ತದೆ, ಕೆಲವೊಮ್ಮೆ ಸಿಗ್ನಲಿನಲ್ಲಿ ಸದ್ದಿಲ್ಲದೆ ಆರಿ ಹೋಗುತ್ತದೆ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಸೈಲೆನ್ಸರಿನಲ್ಲಿ ಪಟ್ ಪಟ್ ಎಂದು ಮಾಲೆಪಟಾಕಿ. ಹೆಂಡತಿಗೆ ಕೆಲಸ ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿ, ನನಗೆ ಇಲ್ಲಿ ಇನ್ಫೋಪಾರ್ಕಿನಲ್ಲಿ. ನಡುವೆ ಸುಮಾರು 200 ಕಿಲೋಮೀಟರ್, ನಮ್ಮ ಮಂಗಳೂರಿನ ಮೇಲೆ ಹಾದು ಬರುವ ಅದೇ ಹೆದ್ದಾರಿ 66. ಅರೂರು–ತುರವೂರು ನಡುವೆ ಮೇಲ್ಸೇತುವೆಯ ಕಾಮಗಾರಿ, ಕಂಬಗಳ ಸಾಲಿನ ಪಕ್ಕದ ಇಕ್ಕಟ್ಟು, ಹಿಂದೆ ಕಂಟೇನರ್ ಲಾರಿ, ಮೇಲೆ ಎಡವಪ್ಪಾದಿಯ ಮಳೆ. ಅಲ್ಲಿ ಇಂಜಿನ್ ಆರಿದರೆ ಏನಾಗಬಹುದು ಎಂದು ವಿವರಿಸಬೇಕಾಗಿಲ್ಲ. ಶನಿವಾರಗಳಿಗೆ ರೈಲು ಹಿಡಿದೆ.

ಒಂದು ವರ್ಕ್‌ಶಾಪಿನಲ್ಲಿ ಕಾರ್ಬುರೇಟರ್ ಮುಗಿದಿದೆ, ಹೊಸದು ಹಾಕಬೇಕು ಎಂದರು. ಇನ್ನೊಂದರಲ್ಲಿ ಐಡಲ್ ಸ್ಕ್ರೂ ಒಂದು ಸುತ್ತು ಏರಿಸಿ, ಗಾಡಿ ಮಾರಿಬಿಡಿ ಎಂಬ ಸಲಹೆಯನ್ನೂ ಕೊಟ್ಟರು. ಹೊಗೆ ತಪಾಸಣೆಗೆ ಹೋದರೆ ಅಲ್ಲೂ ಫೇಲು. (ಇಲ್ಲಿ ಅದಕ್ಕೆ ‘ಪುಕ ಪರಿಶೋಧನ’ ಎನ್ನುತ್ತಾರೆ. ನಮ್ಮ ಹಳಗನ್ನಡದ ‘ಪೊಗೆ’ಯೇ. ನಾವು ಪ ಬಿಟ್ಟು ಹ ಹಿಡಿದೆವು, ಅವರು ಬಿಡಲಿಲ್ಲ.) ಆದರೆ ಆ ಚೀಟಿಯಲ್ಲೇ ಸುಳಿವಿತ್ತು. 2000ದ ಮಾರ್ಚ್ ನಂತರದ ನಾಲ್ಕು ಸ್ಟ್ರೋಕ್ ದ್ವಿಚಕ್ರ ವಾಹನಕ್ಕೆ ಮಿತಿ ಇಂಗಾಲದ ಮಾನಾಕ್ಸೈಡ್ ಶೇ 3.5, ಹೈಡ್ರೋಕಾರ್ಬನ್ 4500 ಪಿಪಿಎಂ. ನನ್ನದರಲ್ಲಿ ಮಾನಾಕ್ಸೈಡ್ ಬಹಳ ಕಡಿಮೆ, ಹೈಡ್ರೋಕಾರ್ಬನ್ ಮಿತಿ ಮೀರಿತ್ತು. ಪೆಟ್ರೋಲ್ ಹೆಚ್ಚಾಗಿ ಕುಡಿಯುತ್ತಿದ್ದರೆ ಮಾನಾಕ್ಸೈಡ್ ಏರಬೇಕಿತ್ತು. ಇದು ಉಲ್ಟಾ: ಗಾಳಿ ಹೆಚ್ಚಾಗಿ, ಮಿಶ್ರಣ ತೆಳುವಾಗಿ, ಹೊತ್ತಿಕೊಳ್ಳದೆ ಉಳಿದ ಪೆಟ್ರೋಲ್ ಹಾಗೆಯೇ ಹೊರಗೆ ಹೋಗುವ ಲಕ್ಷಣ.

ರಾತ್ರಿ ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಅವರಿಗೆ ಪಿಪಿಎಂ ಬೇಡ. “ಎಂತದ್ದು ಕಾರ್ಬುರೇಟರ್ ಹೋಗುವುದು ಮಾರಾಯ? ಎಲ್ಲಿಂದಲೋ ಗಾಳಿ ಎಳೀತಾ ಉಂಟು ನೋಡು. ನಮ್ಮ ಕೆರೆಯ ಪಂಪಿನ ಹಾಗೆ,” ಎಂದರು.

ತೋಟ ಇದ್ದವರಿಗೆ ಈ ಹೋಲಿಕೆ ಬಿಡಿಸಿ ಹೇಳಬೇಕಾಗಿಲ್ಲ. ಪಂಪು ಸರಿ ಇರುತ್ತದೆ, ಮೋಟಾರು ಸರಿ ಇರುತ್ತದೆ, ಹೀರುವ ಪೈಪಿನ ಜಾಯಿಂಟಿನಲ್ಲಿ ಕೂದಲೆಳೆಯಷ್ಟು ಸೀಳು ಇದ್ದರೂ ನೀರು ಬರುವುದಿಲ್ಲ. ಇಂಜಿನ್ ಕೂಡ ಪಂಪೇ. ಪಿಸ್ಟನ್ ಕೆಳಗಿಳಿಯುವಾಗ ಗಾಳಿಯನ್ನು ಎಳೆಯುತ್ತದೆ. ಐಡ್ಲಿಂಗಿನಲ್ಲಿ ಕಾರ್ಬುರೇಟರಿನ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುವುದರಿಂದ ಆ ಬಾಗಿಲಿನ ಹಿಂದೆ, ಅಂದರೆ ಮ್ಯಾನಿಫೋಲ್ಡಿನಲ್ಲಿ, ಎಳೆತ ಅತಿ ಜೋರು. ಒಳಗೆ ಹೋಗಬೇಕಾದ ಗಾಳಿಯೇ ಆಗ ಅಷ್ಟು ಕಡಿಮೆ ಇರುವಾಗ, ಒಂದು ಸಣ್ಣ ಸೀಳಿನಿಂದ ನುಗ್ಗುವ ಕಳ್ಳಗಾಳಿ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಬಾಗಿಲು ಪೂರ್ತಿ ತೆರೆದು ಓಡಿಸುವಾಗ ಅದೇ ಸೀಳು ಗೊತ್ತೇ ಆಗುವುದಿಲ್ಲ. ಹೆದ್ದಾರಿಯಲ್ಲಿ ಕುದುರೆ, ಸಿಗ್ನಲಿನಲ್ಲಿ ಕತ್ತೆ ಆಗುವ ಗಾಡಿಗಳ ರಹಸ್ಯ ಬಹಳ ಸಲ ಇಷ್ಟೇ.

ಆ ಮ್ಯಾನಿಫೋಲ್ಡಿನಿಂದ ನನ್ನ ಬೈಕಿನಲ್ಲಿ ಒಂದು ಸಪೂರ ರಬ್ಬರ್ ಪೈಪು ಹೊರಟು ಟ್ಯಾಂಕಿನ ಅಡಿಯ ಸೆಕೆಂಡರಿ ಏರ್ ವಾಲ್ವಿಗೆ ಹೋಗುತ್ತದೆ. ಈ ವಾಲ್ವಿನ ಕೆಲಸ, ಸೈಲೆನ್ಸರಿನ ಬಾಯಿಗೆ ಸ್ವಲ್ಪ ಹೊಸ ಗಾಳಿ ಕೊಟ್ಟು ಉರಿಯದೆ ಉಳಿದ ಪೆಟ್ರೋಲನ್ನು ಅಲ್ಲೇ ಸುಡಿಸುವುದು. ಆಕ್ಸಿಲರೇಟರ್ ಫಕ್ಕನೆ ಬಿಟ್ಟಾಗ ಮಾತ್ರ ಆ ಗಾಳಿ ನಿಲ್ಲಬೇಕು, ಇಲ್ಲದಿದ್ದರೆ ಸೈಲೆನ್ಸರ್ ಸಿಡಿಯುತ್ತದೆ. ನಿಲ್ಲಿಸು ಎಂಬ ಸಂದೇಶ ಒಯ್ಯುವುದು ಆ ಪೈಪಿನ ಎಳೆತವೇ. ಪೈಪು ಸೀಳಿದರೆ ಒಂದೇ ಏಟಿಗೆ ಎರಡು ತೊಂದರೆ: ಇಂಜಿನಿಗೆ ಕಳ್ಳಗಾಳಿ, ಸೈಲೆನ್ಸರಿಗೆ ಪಟಾಕಿ. ನನ್ನ ಗಾಡಿಗೆ ಎರಡೂ ಇದ್ದವು.

ಭಾನುವಾರ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಪಾರ್ಕಿಂಗಿನಲ್ಲಿ ಕೂತೆ. ಪೆಟ್ರೋಲ್ ಕಾಕ್ ಬಂದ್ ಮಾಡಿ, ಸೀಟು ಮತ್ತು ಪಕ್ಕದ ಕವರ್ ಬಿಚ್ಚಿ, 10ರ ಸ್ಪ್ಯಾನರಿನಲ್ಲಿ ಟ್ಯಾಂಕಿನ ಬೋಲ್ಟು ತೆಗೆದು ಟ್ಯಾಂಕನ್ನು ಹಿಂಬದಿಯಿಂದ ಸ್ವಲ್ಪ ಎತ್ತಿ ಮರದ ತುಂಡು ಇಟ್ಟೆ. ಯಾವ ಪೈಪು ಎಲ್ಲಿಂದ ಎಲ್ಲಿಗೆ ಎಂದು ಮೊಬೈಲಿನಲ್ಲಿ ನಾಲ್ಕು ಫೋಟೊ. ಇದನ್ನು ಬಿಟ್ಟರೆ ಆಮೇಲೆ ತಲೆ ಕೆರೆದುಕೊಳ್ಳುವುದು ಖಂಡಿತ. ಬಳಿಕ ಕಾಕ್ ತೆರೆದು ಇಂಜಿನ್ ಶುರು ಮಾಡಿ, ಗಿಡಕ್ಕೆ ನೀರು ಚಿಮುಕಿಸುವ ಬಾಟಲಿಯಿಂದ ಪೈಪಿನ ಎರಡು ತುದಿಗೂ ಮ್ಯಾನಿಫೋಲ್ಡಿನ ರಬ್ಬರಿಗೂ ಒಂದೊಂದಾಗಿ ನೀರು ಬಿಟ್ಟೆ. ಮ್ಯಾನಿಫೋಲ್ಡ್ ಕಡೆಯ ತುದಿಗೆ ನೀರು ಬಿದ್ದದ್ದೇ ಇಂಜಿನಿನ ಸ್ವರ ಬದಲಾಯಿತು. ಸೀಳನ್ನು ನೀರು ಎರಡು ಕ್ಷಣ ಮುಚ್ಚಿತ್ತು. ಕಾರ್ಬುರೇಟರ್ ಕ್ಲೀನರ್ ಸ್ಪ್ರೇಯಿಂದಲೂ ಕೆಲವರು ಹೀಗೆ ಹುಡುಕುತ್ತಾರೆ. ಬಿಸಿ ಸೈಲೆನ್ಸರಿನ ಪಕ್ಕ, ಫ್ಲ್ಯಾಟಿನ ನೆಲಮಾಳಿಗೆಯಲ್ಲಿ ಬೆಂಕಿ ಹಿಡಿಯುವ ವಸ್ತು ಚಿಮ್ಮಿಸುವ ಧೈರ್ಯ ನನಗಿಲ್ಲ, ನಿಮಗೂ ಬೇಡ.

ಹಳೆ ಪೈಪನ್ನು ಎಳೆದು ಕೀಳಬಾರದು. ಹದಿನೈದು ವರ್ಷದ ರಬ್ಬರ್ ನಿಪ್ಪಲಿಗೆ ಕಚ್ಚಿ ಕೂತಿರುತ್ತದೆ, ಎಳೆದರೆ ನಿಪ್ಪಲೇ ಮುರಿದು ಬರಬಹುದು. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿದೆ. ಕೈಯಲ್ಲಿ ಹಿಡಿದು ನೋಡಿದರೆ ಮೇಲೆ ಏನೂ ಕಾಣದು. ಬಗ್ಗಿಸಿದಾಗ ತುದಿಯಲ್ಲಿ ಅಡ್ಡಡ್ಡ ಬಾಯಿ ಬಿಟ್ಟಿತು. ತುದಿಯಲ್ಲೇ ಯಾಕೆ? ನಿಪ್ಪಲಿನ ಮೇಲೆ ರಬ್ಬರ್ ಹಿಗ್ಗಿ ಕೂತಿರುತ್ತದೆ. ಗಾಳಿಯಲ್ಲಿರುವ ಓಝೋನ್ ಹಿಗ್ಗಿದ ರಬ್ಬರನ್ನೇ ಹುಡುಕಿ ಕಡಿಯುವುದು. ಇಂಜಿನಿನ ಕಾವು ಮೃದುತ್ವವನ್ನು ಮೊದಲೇ ತೆಗೆದಿರುತ್ತದೆ.

ಈಗ ಹೊಸ ಪೈಪು. ರಬ್ಬರಿನ ನಾಡಿನಲ್ಲಿ ಕೂತು ರಬ್ಬರ್ ಪೈಪಿಗೆ ಬರವೇ ಎಂದು ನೀವು ಕೇಳಬಹುದು. ಭಾರತದ ಮೊದಲ ವಾಣಿಜ್ಯ ರಬ್ಬರ್ ತೋಟ 1902ರಲ್ಲಿ ಎದ್ದದ್ದು ಇದೇ ಎರ್ನಾಕುಳಂ ಜಿಲ್ಲೆಯ ತಟ್ಟೇಕ್ಕಾಡಿನಲ್ಲಿ, ಪೆರಿಯಾರ್ ದಂಡೆಯಲ್ಲಿ. ರಬ್ಬರ್ ಬೋರ್ಡು ಇರುವುದು ಕೋಟ್ಟಯಂನಲ್ಲಿ. ನಮ್ಮ ಸುಳ್ಯದ ಗುಡ್ಡಗಳಲ್ಲೂ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ಉಂಟು, ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳು ಅಲ್ಲಿ ಟ್ಯಾಪಿಂಗ್ ಮಾಡುತ್ತ ಬಂದಿವೆ. ಗೆರಟೆಗೆ ಇಳಿದ ಹಾಲಿಗೆ ಫಾರ್ಮಿಕ್ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ ಶೀಟು ಮಾಡುವುದನ್ನು ನೋಡುತ್ತಲೇ ನಾನು ಬೆಳೆದದ್ದು. ಆದರೆ ಆ ಹಾಲಿನ ರಬ್ಬರ್ ಈ ಕೆಲಸಕ್ಕೆ ಬರುವುದಿಲ್ಲ. ಟಯರಿಗೆ ಅದು ರಾಜ, ಪೆಟ್ರೋಲಿನ ಎದುರು ಏನೂ ಅಲ್ಲ: ನೆನೆದ ಅವಲಕ್ಕಿಯ ಹಾಗೆ ಉಬ್ಬಿ ಮೆತ್ತಗಾಗುತ್ತದೆ. ಪೆಟ್ರೋಲಿನ ಆವಿ ತಾಗುವ ಕಡೆಗೆ ಬೇಕಾದದ್ದು ಕಾರ್ಖಾನೆಯಲ್ಲಿ ಹುಟ್ಟುವ ನೈಟ್ರೈಲ್ ರಬ್ಬರ್. ಬಣ್ಣಬಣ್ಣದ ಸಿಲಿಕೋನ್ ಪೈಪು ಕಾವು ತಡೆಯುತ್ತದೆ ನಿಜ, ಪೆಟ್ರೋಲಿಗೆ ಅದೂ ಉಬ್ಬುತ್ತದೆ. ಮೀನಿನ ತೊಟ್ಟಿಗೆ ಗಾಳಿ ಬಿಡುವ ಪಾರದರ್ಶಕ ಪೈಪು, ಆಸ್ಪತ್ರೆಯ ಡ್ರಿಪ್ ಪೈಪು ಹಾಕಿ ಓಡಿಸುವವರನ್ನೂ ಕಂಡಿದ್ದೇನೆ. ಕೆಲವು ತಿಂಗಳಲ್ಲಿ ಅವು ಕೋಲಿನಂತೆ ಗಟ್ಟಿ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಕೊಟ್ಟ ಶೇ 20ರ ಎಥನಾಲ್ ಪೆಟ್ರೋಲ್ ಈಗ ಬಂಕುಗಳಲ್ಲೆಲ್ಲ ಬಂದಿರುವುದರಿಂದ ಹಳೆ ಗಾಡಿಯ ರಬ್ಬರಿನ ಮೇಲೆ ಇನ್ನಷ್ಟು ಕಣ್ಣಿಡುವುದು ಒಳ್ಳೆಯದು.

ಮುಂದಿನ ಶನಿವಾರ ತಿರುವನಂತಪುರಕ್ಕೆ ಹೋದಾಗ ಚಾಲ ಬಜಾರಿಗೆ ಹೊಕ್ಕೆ. ಬಾಳೆಎಲೆ, ಹಿತ್ತಾಳೆ ಪಾತ್ರೆ, ಹಗ್ಗ, ಹಾರ್ಡ್‌ವೇರ್ ಎಲ್ಲ ಒಂದೇ ಬೀದಿಯಲ್ಲಿ ಸಿಗುವ ಜಾಗ. ಅಂಗಡಿಯವರು ಕೇಳಿದ್ದು ಎರಡೇ ಪ್ರಶ್ನೆ: “ಎತ್ರ ಎಂಎಂ? ಪೆಟ್ರೋಳಿನೋ?” ಒಳವ್ಯಾಸ ಅಳೆಯಲು ನಾನು ಡ್ರಿಲ್ ಬಿಟ್ ಒಯ್ದಿದ್ದೆ. 4 ಎಂಎಂ ಬಿಟ್ಟಿನ ಬುಡ ಪೈಪಿನೊಳಗೆ ಬಿಗಿಯಾಗಿ ಹೋದರೆ ಅದೇ ಅಳತೆ. ಗೋಡೆ ದಪ್ಪಗಿರಬೇಕು, ತೆಳುವಾದದ್ದು ಎಳೆತಕ್ಕೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ಪೈಪಿನ ಮೈಮೇಲೆ ‘ಎಸ್‌ಎಇ ಜೆ30 ಆರ್7’ ಎಂಬ ಅಚ್ಚು ಇದ್ದರೆ ಅದು ಕಾರ್ಬುರೇಟರ್ ಗಾಡಿಯ ಪೆಟ್ರೋಲಿಗೆ ಸಾಕಾದ ಮಾಲು. ಒಂದೂವರೆ ಮೀಟರ್ ತಗೊಂಡೆ. ಎರಡು ಮಸಾಲೆ ದೋಸೆಗೆ ಅದಕ್ಕಿಂತ ಹೆಚ್ಚಾಯಿತು.

ಜೋಡಿಸುವುದು ಕಾಲು ಗಂಟೆಯ ಕೆಲಸ. ಹಳೆಯದರಷ್ಟೇ ಉದ್ದಕ್ಕೆ ಹೊಸ ಬ್ಲೇಡಿನಿಂದ ನೇರವಾಗಿ ಕತ್ತರಿಸಿ, ತುದಿಯನ್ನು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿದರೆ ನಿಪ್ಪಲಿಗೆ ಸಲೀಸಾಗಿ ಏರುತ್ತದೆ. ಎಲ್ಲೂ ಮಡಚಬಾರದು, ಇಂಜಿನ್ ಹೆಡ್ಡಿಗೆ ತಾಗಬಾರದು. ಹಾಕುವ ಮೊದಲು ಒಂದು ಪರೀಕ್ಷೆ: ಮೆಡಿಕಲ್ ಶಾಪಿನ 20 ಎಂಎಲ್ ಸಿರಿಂಜನ್ನು ಪೈಪಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬೆರಳಿನಿಂದ ಮುಚ್ಚಿ, ದಂಡವನ್ನು ಎಳೆದು ಹತ್ತು ಎಣಿಸಿ ಬಿಡುವುದು. ದಂಡ ಟಪ್ಪನೆ ಹಿಂದಕ್ಕೆ ಹೋದರೆ ಪೈಪು ಗಟ್ಟಿ. ಸೆಕೆಂಡರಿ ಏರ್ ವಾಲ್ವಿನ ನಿಪ್ಪಲಿಗೂ ಹೀಗೇ ಸಿಕ್ಕಿಸಿ ನೋಡಬಹುದು, ಒಳಗಿನ ಡಯಾಫ್ರಾಮ್ ಹರಿದಿದೆಯೋ ಇಲ್ಲವೋ ಗೊತ್ತಾಗುತ್ತದೆ. ನನ್ನದು ಸರಿ ಇತ್ತು.

ಶುರು ಮಾಡಿದಾಗ ಇಂಜಿನ್ ಅರಚಿಕೊಂಡಿತು. ಯಾಕೆಂದರೆ ವರ್ಕ್‌ಶಾಪಿನವರು ಏರಿಸಿಟ್ಟ ಐಡಲ್ ಸ್ಕ್ರೂ ಹಾಗೇ ಇತ್ತು. ಚೆನ್ನಾಗಿ ಬಿಸಿಯಾಗಲು ಬಿಟ್ಟು, 1400 ಆರ್‌ಪಿಎಂಗೆ ಇಳಿಸಿದೆ. ಮಾಲೆಪಟಾಕಿ ನಿಂತಿತು. ಎರಡು ದಿನ ಬಿಟ್ಟು ಹೊಗೆ ತಪಾಸಣೆಗೆ ಹೋದರೆ ಹೈಡ್ರೋಕಾರ್ಬನ್ ಮೂರಂಕಿಗೆ ಇಳಿದಿತ್ತು. ಯಂತ್ರದ ಹುಡುಗ ಚೀಟಿಯನ್ನೂ ಬೈಕನ್ನೂ ಎರಡು ಸಲ ನೋಡಿದ. ಪುತ್ತೂರಿನ ಎನ್‌ಒಸಿ ಬಂದಿದೆ. ಕಾಕ್ಕನಾಡಿನಲ್ಲಿ ಫಿಟ್‌ನೆಸ್‌ಗೆ ದಿನ ಕೊಟ್ಟಿದ್ದಾರೆ. ಕೆಎಲ್ 07 ಆದ ಮೇಲೆ ಹಳೆ ಪ್ಲೇಟು ತನಗೆ ಬೇಕು ಎಂದು ಅಪ್ಪ ಹೇಳಿಟ್ಟಿದ್ದಾರೆ. ಯಾಕೆ ಎಂದು ನಾನು ಕೇಳಲಿಲ್ಲ.

ಉಳಿದ ಪೈಪು ತಿರುವನಂತಪುರಕ್ಕೆ ಹೋಯಿತು. ಹೆಂಡತಿಯ ಹಳೆ ಸ್ಕೂಟರಿನಲ್ಲಿ ಪೆಟ್ರೋಲ್ ಕಾಕನ್ನು ತೆರೆಯುವುದೇ ಇಂಜಿನಿನ ಎಳೆತ. ಆ ಪೈಪು ಸೀಳಿದರೆ ಟ್ಯಾಂಕ್ ತುಂಬಿದ್ದರೂ ಪೆಟ್ರೋಲ್ ಇಳಿಯದು. ಕಾಕಿನ ಡಯಾಫ್ರಾಮ್ ಹರಿದರೆ ಇನ್ನೂ ಕಷ್ಟ, ಪೆಟ್ರೋಲ್ ಆ ಪೈಪಿನಲ್ಲೇ ಇಳಿದು ಇಂಜಿನಿಗೆ ಸೇರಿ ಆಯಿಲನ್ನು ತೆಳು ಮಾಡುತ್ತದೆ. ಅದಕ್ಕೇ ಕಿತ್ತ ಪೈಪನ್ನು ಮೊದಲು ಮೂಸಬೇಕು. ಮೂಸಿದೆ. ಪೆಟ್ರೋಲ್ ವಾಸನೆ ಇರಲಿಲ್ಲ, ಸೀಳು ಮಾತ್ರ ಇತ್ತು. “ಇಷ್ಟು ದಿನ ಬೆಳಿಗ್ಗೆ ಹತ್ತು ಸಲ ಸೆಲ್ಫ್ ಒತ್ತುತ್ತಿದ್ದದ್ದು ಈ ಬೆರಳುದ್ದದ ಪೈಪಿಗಾ ಮಾರಾಯ್ರೆ?” ಎಂದಳು. ಸೋಮವಾರ ಮೊದಲ ಒತ್ತಿಗೇ ಶುರುವಾಯಿತಂತೆ.