ಕನ್ನಡಕದಲ್ಲಿ ಕಾಣದ ಮಗಳು

‘ರಿಕ್ ಅಂಡ್ ಮಾರ್ಟಿ’ ಎಂಬ ಅಮೆರಿಕದ ಆನಿಮೇಷನ್ ಹಾಸ್ಯ ಸರಣಿಯಲ್ಲಿ 2014ರ ಮಾರ್ಚ್ ತಿಂಗಳಲ್ಲಿ ಪ್ರಸಾರವಾದ ಕಂತೊಂದಿದೆ. (ಸರಣಿ ದೊಡ್ಡವರದು, ಮಾತು ಬಹಳ ಒರಟು, ಮಕ್ಕಳನ್ನು ಕೂರಿಸಿಕೊಂಡು ನೋಡತಕ್ಕದ್ದಲ್ಲ.) ವಿಜ್ಞಾನಿ ತಾತ ರಿಕ್ ಮನೆಯವರಿಗೊಂದು ಕನ್ನಡಕ ಕೊಡುತ್ತಾನೆ. ಧರಿಸಿದವರಿಗೆ ಸಮಾನಾಂತರ ಲೋಕಗಳಲ್ಲಿ ತಾವು ಬಾಳುತ್ತಿರುವ ಬೇರೆ ಬದುಕು ಕಾಣುತ್ತದೆ. ಅಳಿಯ ಜೆರ್ರಿ ಅಲ್ಲಿ ಹೆಸರಾಂತ ಚಿತ್ರನಟ. ಇಲ್ಲಿ ಕುದುರೆಗಳಿಗೆ ಶಸ್ತ್ರಚಿಕಿತ್ಸೆ ಮಾಡುವ ಮಗಳು ಬೆತ್, ಅಲ್ಲಿ ಮನುಷ್ಯರ ಶಸ್ತ್ರವೈದ್ಯೆ. ಇಬ್ಬರೂ ಮೈಮರೆತು ನೋಡುತ್ತಿರುವಾಗ ಹದಿಹರೆಯದ ಸಮ್ಮರ್‌ಗೆ ಸಂಗತಿ ತಿಳಿಯುತ್ತದೆ: ತಾನು ಬಯಸದೆ ಬಂದ ಮಗು, ತಾನು ಹುಟ್ಟದ ಲೋಕದಲ್ಲಿಯೇ ಹೆತ್ತವರು ಗೆದ್ದಿದ್ದಾರೆ. ಅವಳು ಮನೆ ಬಿಡಲು ಗಂಟು ಕಟ್ಟುತ್ತಾಳೆ.

ನಮ್ಮ ಕೆ.ಟಿ. ದೊಡ್ಡಿ ಕಡೆಯ ಮನೆಗಳಲ್ಲಿಯೂ ಇಂತಹ ಕನ್ನಡಕವಿದೆ. ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ಆ ವರ್ಷ ನವೆಂಬರ್ 1ರಂದು ರಾಯಚೂರು ಮೈಸೂರಿಗೂ, ಈ ಎರಡು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೂ ಸೇರಿದವು. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371ಜೆ ವಿಧಿಯಿಂದ ರಾಯಚೂರಿನ ಮಕ್ಕಳಿಗೆ ಉದ್ಯೋಗ, ಶಿಕ್ಷಣಗಳಲ್ಲಿ ಮೀಸಲು ದೊರೆಯಿತು. ಗೆರೆಯ ಈಚೆಗೆ ಅದಿಲ್ಲ. ‘ನಾವು ಆ ಕಡೆಯೇ ಉಳಿದಿದ್ದರೆ’ ಎಂದು ನಿಡುಸುಯ್ಯುವುದು ಸಹಜವೇ.

ಆದರೆ ಆ ಲೋಕವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. 371ಜೆ ಬಂದುದೇ ಆ ಸೀಮೆ ಹಿಂದುಳಿದಿತ್ತೆಂಬ ಕಾರಣಕ್ಕೆ. ನಂಜುಂಡಪ್ಪ ಸಮಿತಿಯ 2002ರ ವರದಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ ತಾಲ್ಲೂಕುಗಳಲ್ಲಿ ರಾಯಚೂರು ಜಿಲ್ಲೆಯ ದೇವದುರ್ಗವೂ ಒಂದು. ಅಲ್ಲಿಯವರ ಕನ್ನಡಕ ಬೆಂಗಳೂರಿನತ್ತ ತಿರುಗಿರುತ್ತದೆ. ಕಂತಿನಲ್ಲಿಯೂ ಹಾಗೆಯೇ: ಚಿತ್ರನಟ ಜೆರ್ರಿ ಎಲ್ಲವನ್ನೂ ತೊರೆದು, ತಾನು ಮದುವೆಯಾಗದೆ ಹೋದ ಬೆತ್‌ಳ ಬಾಗಿಲಿಗೆ ಬಂದು ನಿಲ್ಲುತ್ತಾನೆ.

ಇನ್ನೊಂದು ಸಂಗತಿಯನ್ನು ವಕೀಲನಾಗಿ ಹೇಳುತ್ತೇನೆ. ರಾಜ್ಯಗಳ ಪುನರ್ವಿಂಗಡಣೆಗಾಗಿ 1956ರಲ್ಲಿ ಆದ ಏಳನೆಯ ತಿದ್ದುಪಡಿಯೇ ಸಂವಿಧಾನಕ್ಕೆ 350ಎ ವಿಧಿಯನ್ನೂ ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂಬುದು ಅದರ ಆದೇಶ. ಗೆರೆ ಮತ್ತು ಕನ್ನಡ ತರಗತಿ ಒಂದೇ ವರ್ಷದ ಕೂಸುಗಳು. ನಮ್ಮ ಶಾಲೆ ಯಾರದೋ ಕೃಪೆಯಲ್ಲ, ಯಾರದೋ ಎಡವಟ್ಟೂ ಅಲ್ಲ.

ಹಾಗಿರಲು, ಅಂಕಪಟ್ಟಿ ಕೈಗೆ ಬಂದ ಸಂಜೆ ‘ನಿನ್ನನ್ನು ಕನ್ನಡ ಶಾಲೆಗೆ ಹಾಕಿ ಕೆಟ್ಟೆವು’ ಎಂದು ನಾವು ಗೊಣಗುವಾಗ, ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುವವಳು ಸಮ್ಮರ್ ಅಲ್ಲ. ಮರುದಿನ ಬೆಳಿಗ್ಗೆ ಅದೇ ಶಾಲೆಗೆ ಚೀಲ ಹೊತ್ತು ಹೋಗಬೇಕಾದವಳು.