ರಜೆಯ ನಾಲ್ಕು ದಿನ

'ರಜೆ' ಎಂಬ ಮಾತು ಹುಟ್ಟಿನಿಂದ ಕನ್ನಡದ್ದಲ್ಲ. ಅರಬ್ಬಿ, ಪಾರಸಿಗಳ ದಾರಿಯಲ್ಲಿ ನಡೆದು ಬಂದು ನಮ್ಮ ಮನೆಯದೇ ಆಗಿಹೋದ ಮಾತು ಅದು. ಮೂಲದಲ್ಲಿ ಅದಕ್ಕೆ 'ಒಪ್ಪಿಗೆ' ಎಂದು ಅರ್ಥ. ಕೆಲಸಕ್ಕೆ ಬಾರದಿರಲು ಒಡೆಯನು ಕೊಡುವ ಒಪ್ಪಿಗೆಯೇ ರಜೆ. 'ವಿರಾಮ' ಸಂಸ್ಕೃತದ್ದು, ನಿಲ್ಲುವುದೆಂದು ಅದರ ಅರ್ಥ. ಅಚ್ಚಗನ್ನಡದಲ್ಲಿ ನಾವು 'ಬಿಡುವು' ಎನ್ನುತ್ತೇವೆ. ಹಿಡಿದದ್ದನ್ನು ಬಿಡುವುದು, ಇನ್ನೊಂದನ್ನು ಹಿಡಿಯಲು ಕೈಯನ್ನು ತೆರವು ಮಾಡಿಕೊಳ್ಳುವುದು. ಈ ಬಿಡುವನ್ನು ಹೇಗೆ ಕಳೆಯಬಹುದೆಂಬ ವಿಚಾರವಾಗಿ ಚಿತ್ರದುರ್ಗದ ಸೀಮೆಯ ತರುಣ ತರುಣಿಯರೊಡನೆ ಕೆಲವು ಮಾತುಗಳನ್ನು ಆಡಬೇಕೆಂದಿದ್ದೇನೆ. ಹಿರಿಯರೂ ಕೇಳಿಸಿಕೊಂಡರೆ ಬೇಡವೆನ್ನುವುದಿಲ್ಲ.

ನಿಮ್ಮ ದಿನಚರಿಯನ್ನು ನಾನು ಬಲ್ಲೆ. ಬೆಳಗಾಗುತ್ತಲೇ ಬಸ್ಸಿಗೆ ಓಟ, ನಿಂತೇ ಪ್ರಯಾಣ. ಕಾಲೇಜು, ಇಲ್ಲವೆ ಅಂಗಡಿ, ಇಲ್ಲವೆ ಸ್ಪರ್ಧಾ ಪರೀಕ್ಷೆಯ ತರಬೇತಿ. ಸಂಜೆ ಗೆಳೆಯರೊಡನೆ ಗಾಡಿಯ ಮುಂದೆ ನಿಂತು ಒಂದು ಪೊಟ್ಟಣ ಮಂಡಕ್ಕಿ, ಎರಡು ಮೆಣಸಿನಕಾಯಿ ಬಜ್ಜಿ. ರಾತ್ರಿ ಊಟವಾದ ಮೇಲೆ ಮೊಬೈಲು ಫೋನು. ಅದರಲ್ಲೇ ಆಟ, ಅದರಲ್ಲೇ ಸಿನಿಮಾ, ಅದರಲ್ಲೇ ಸ್ನೇಹ. ನಾಲ್ಕು ದಿನ ರಜೆ ಬಂದಿತೆಂದರೆ ಗೋವೆಯೋ ಊಟಿಯೋ ಎಂಬ ಲೆಕ್ಕಾಚಾರ. ದೂರ ಹೋಗುವುದು ತಪ್ಪೆಂದು ನಾನು ಹೇಳುವವನಲ್ಲ. ದೇಶ ಸುತ್ತು, ಕೋಶ ಓದು ಎಂದು ನಮ್ಮ ಹಿರಿಯರೇ ಹೇಳಿದ್ದಾರೆ. ಆದರೆ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಓದು ಮುಗಿಸಿ ಬೆಂಗಳೂರಿಗೆ ಹೋದ ನಮ್ಮ ಹುಡುಗರನ್ನು ಅಲ್ಲಿಯವರು, "ನಿಮ್ಮೂರಲ್ಲಿ ಏನಿದೆ?" ಎಂದು ಕೇಳುತ್ತಾರೆ. "ಏನೂ ಇಲ್ಲ ಸಾರ್, ಬರೀ ಕಲ್ಲು, ಬರೀ ಬಿಸಿಲು" ಎಂಬುದು ನಮ್ಮವರ ಉತ್ತರ. ಊರು ಬಿಡುವುದು ಹೊಟ್ಟೆಯ ಪಾಡು. ಅದಕ್ಕೆ ಯಾರನ್ನೂ ದೂರಲಾಗದು. ಊರನ್ನು ಅರಿಯದೆಯೇ ಬಿಟ್ಟುಹೋದರೆ ಮಾತ್ರ ಅದು ಮರಳಿ ಸಂಪಾದಿಸಲಾಗದ ನಷ್ಟ.

ನಾಲ್ಕು ತಾಲ್ಲೂಕುಗಳ ಹೆಸರುಗಳನ್ನೇ ಮೊದಲು ಬಿಡಿಸಿ ನೋಡಿ. ಚಿತ್ರದುರ್ಗ, ಚಿತ್ರವಾದ ಕಲ್ಲುಗಳ ಕೋಟೆ. ಹಿರಿಯೂರು, ಹಿರಿದಾದ ಊರು. ಹೊಸದುರ್ಗ, ಹೊಸದಾಗಿ ಕಟ್ಟಿದ ಕೋಟೆ. ಹೊಳಲ್ಕೆರೆಯ 'ಹೊಳಲ್' ಹಳಗನ್ನಡದ 'ಪೊೞಲ್'. ಪಟ್ಟಣವೆಂದು ಅದರ ಅರ್ಥ. ಪಟ್ಟಣದ ಕೆರೆಯೇ ಹೊಳಲ್ಕೆರೆ. ಕೋಟೆ, ಊರು, ಕೆರೆ, ಈ ಮೂರು ಶಬ್ದಗಳಲ್ಲಿ ನಮ್ಮ ಸೀಮೆಯ ಚರಿತ್ರೆಯೆಲ್ಲ ಅಡಗಿದೆ. ಮಳೆ ಕಡಮೆಯಾದ ನಾಡಿನಲ್ಲಿ ನೀರನ್ನು ತಡೆದು ನಿಲ್ಲಿಸಿದವನೇ ಊರು ಕಟ್ಟಿದ, ಕೋಟೆಯನ್ನು ಕಾಯ್ದ. ಈ ನೀರಿನ ಎಳೆಯನ್ನು ಹಿಡಿದು ನಾಲ್ಕು ದಿನ ನಾಲ್ಕು ಕಡೆ ಗೆಳೆಯರೊಡನೆ ತಿರುಗಾಡಿದರೆ ಆ ಪ್ರಶ್ನೆಗೆ ಉತ್ತರ ತಾನಾಗಿ ದೊರೆಯುತ್ತದೆ.

ಮೊದಲ ದಿನ ಚಿತ್ರದುರ್ಗದ್ದು. ಬಿಸಿಲೇರುವ ಮುನ್ನ ಕೋಟೆಯನ್ನು ಹತ್ತಬೇಕು. 1972ರಲ್ಲಿ ಪುಟ್ಟಣ್ಣ ಕಣಗಾಲರು ತ. ರಾ. ಸುಬ್ಬರಾಯರ ಕಾದಂಬರಿಗಳನ್ನು ಆಧರಿಸಿ 'ನಾಗರಹಾವು' ಚಿತ್ರವನ್ನು ತೆಗೆದಂದಿನಿಂದ ಈ ಬಂಡೆಗಳು ಕನ್ನಡಿಗರ ಮನೆಮಾತು. ರಾಮಾಚಾರಿ ಓಡಾಡಿದ ಜಾಗವನ್ನು ಹುಡುಕಿ ಚಿತ್ರ ತೆಗೆಸಿಕೊಳ್ಳುವ ತರುಣರನ್ನು ಇಂದಿಗೂ ಕಾಣುತ್ತೇವೆ. ಸಂತೋಷ. ಅದಾದ ಮೇಲೆ ಒಂದು ಗಳಿಗೆ ನಿಂತು ಯೋಚಿಸಿ: ಇಷ್ಟು ಎತ್ತರದ ಕಲ್ಲುಬೆಟ್ಟದ ಮೇಲೆ ಒಂದು ಪಾಳೆಯವೇ ವಾಸವಾಗಿತ್ತಲ್ಲ, ಅವರೆಲ್ಲ ಏನನ್ನು ಕುಡಿದರು? ಬಂಡೆಯು ನೀರನ್ನು ಹೀರುವುದಿಲ್ಲ. ಬಿದ್ದ ಮಳೆಯೆಲ್ಲ ಕ್ಷಣದಲ್ಲಿ ಜಾರಿಹೋಗುತ್ತದೆ. ಜಾರುವ ಈ ಗುಣವನ್ನೇ ನಮ್ಮವರು ಉಪಯೋಗಿಸಿಕೊಂಡರು. ಬಂಡೆಗಳ ನಡುವಣ ತಗ್ಗಿಗೆ ಅಡ್ಡಗೋಡೆ ಕಟ್ಟಿ ಹೊಂಡ ಮಾಡಿದರು. ಮೇಲಿನದು ತುಂಬಿ ಚೆಲ್ಲಿದ ನೀರು ಕೆಳಗಿನದಕ್ಕೆ, ಅಲ್ಲಿಂದ ಇನ್ನೂ ಕೆಳಕ್ಕೆ, ಕಡೆಗೆ ಊರೊಳಗಿನ ಹೊಂಡಗಳಿಗೆ ಇಳಿಯುವಂತೆ ಏರ್ಪಡಿಸಿದರು. ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡ, ಊರ ನಡುವಿನ ಸಂತೆಹೊಂಡ, ಇವು ಈ ಏರ್ಪಾಡಿನ ಹೆಸರಾಂತ ಹೊಂಡಗಳು. ಓಬವ್ವನ ಕತೆಯನ್ನೂ ಹೀಗೆ ನೆನೆಯಿರಿ. ಊಟಕ್ಕೆ ಕುಳಿತ ಗಂಡನಿಗೆ ನೀರು ತರಲು ಹೋದವಳ ಕಣ್ಣಿಗೆ ಕಿಂಡಿಯಲ್ಲಿ ನುಸುಳುವ ಶತ್ರುಗಳು ಬಿದ್ದರೆಂದು ಜನ ಹೇಳುತ್ತಾರೆ. ಒನಕೆ ಆಮೇಲಿನ ಮಾತು. ಅವಳ ಕೈಯಲ್ಲಿ ಮೊದಲಿದ್ದುದು ಕೊಡ.

ಸಂಜೆ ಊರ ಪಕ್ಕದ ಚಂದ್ರವಳ್ಳಿಗೆ ಹೋಗಿ. ಅಲ್ಲಿ ಭೈರವೇಶ್ವರನ ಗುಡಿಯ ಬಳಿ ಬಂಡೆಯ ಮೇಲೆ ಮೂರು ಸಾಲಿನ ಪ್ರಾಕೃತ ಶಾಸನವೊಂದಿದೆ. ಕದಂಬರ ಮಯೂರಶರ್ಮನು ಕೆರೆ ಕಟ್ಟಿಸಿದುದನ್ನು ಅದು ತಿಳಿಸುತ್ತದೆ. ಕ್ರಿ. ಶ. ನಾಲ್ಕನೆಯ ಶತಮಾನದ ಈ ದೊರೆ ಮೊದಲಿಗೆ ನಿಮ್ಮಂತೆಯೇ ಒಬ್ಬ ವಿದ್ಯಾರ್ಥಿ. ತಾಳಗುಂದದಿಂದ ಗುರು ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದವನು, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ಅವಮಾನಗೊಂಡು ಹಿಂತಿರುಗಿದನೆಂದು ತಾಳಗುಂದದ ಶಾಸನ ಹೇಳುತ್ತದೆ. ಪರಸ್ಥಳದಲ್ಲಿ ಮುಖಭಂಗವಾದ ಆ ತರುಣ ರಾಜ್ಯವನ್ನು ಕಟ್ಟಿದ. ನಮ್ಮೂರಿನ ಬಂಡೆ ಅವನ ಕೆರೆಯನ್ನು ಸಾರುತ್ತಿದೆ. ಡಾ. ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಇಲ್ಲಿ ಅಗೆಸಿ ನೋಡಿದರು. ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯಗಳೊಡನೆ ರೋಮಿನ ಬೆಳ್ಳಿ ನಾಣ್ಯಗಳೂ ದೊರೆತಿವೆ. ಬರೀ ಕಲ್ಲಿನ ಊರಿಗೆ ರೋಮಿನ ಹಣ ಬಂದಿತ್ತೆಂಬುದನ್ನು ಬೆಂಗಳೂರಿನ ಗೆಳೆಯರಿಗೆ ಧಾರಾಳವಾಗಿ ಹೇಳಬಹುದು.

ಎರಡನೆಯ ದಿನ ಹಿರಿಯೂರಿನ ದಾರಿ ಹಿಡಿಯೋಣ. ಹೆದ್ದಾರಿಯಲ್ಲಿ ಸುಮಾರು ನಲವತ್ತು ಕಿಲೋಮೀಟರು. ನಡುವೆ ಐಮಂಗಲದ ಸಮೀಪದ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒತ್ತೊತ್ತಾಗಿ ಜೋಡಿಸಿದಂತೆ ಕಾಣುವ ಕಲ್ಲುಗಳಿವೆ. ಭೂಗರ್ಭದಿಂದ ಉಕ್ಕಿದ ಲಾವಾರಸವು ನೀರಿನೊಳಗೆ ಹೊರಬಿದ್ದು, ಮೇಲ್ಮೈ ಥಟ್ಟನೆ ತಣಿದು, ಉಂಡೆಯುಂಡೆಯಾಗಿ ಗಟ್ಟಿಯಾದರೆ ಇಂಥ ರೂಪ ಬರುತ್ತದೆ. ಇವುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಈ ಸ್ಥಳವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಬರಗಾಲಕ್ಕೆ ಹೆಸರಾದ ಈ ನೆಲ ಒಂದು ಕಾಲಕ್ಕೆ ನೀರಿನ ಅಡಿಯಲ್ಲಿತ್ತೆಂಬುದಕ್ಕೆ ಕಲ್ಲೇ ಸಾಕ್ಷಿ.

ಹಿರಿಯೂರಿನಲ್ಲಿ ತೇರುಮಲ್ಲೇಶ್ವರನ ಗುಡಿಯ ಮುಖಮಂಟಪದಲ್ಲಿ ತಲೆಯೆತ್ತಿ ನೋಡಿದರೆ ಪುರಾಣದ ಕತೆಗಳ ವರ್ಣಚಿತ್ರಗಳು ಕಾಣುತ್ತವೆ. ಅಲ್ಲಿಂದ ಮುಂದೆ ಮಾರಿಕಣಿವೆ, ಎಂದರೆ ವಾಣಿವಿಲಾಸ ಸಾಗರ. ವೇದಾವತಿ ನದಿಯು ಬೆಟ್ಟಗಳ ನಡುವೆ ಇಕ್ಕಟ್ಟಾಗಿ ಹರಿಯುವ ಕಡೆ ಗೋಡೆ ಕಟ್ಟಿದ್ದಾರೆ. ಜಾಗವನ್ನು ಅರಿತು ಕಟ್ಟಿದ್ದರಿಂದ ಚಿಕ್ಕ ಗೋಡೆಯೇ 30 ಟಿ. ಎಂ. ಸಿ. ನೀರನ್ನು ಹಿಡಿಯುತ್ತದೆ. 1898ರಲ್ಲಿ ಕೆಲಸ ಮೊದಲಾಗಿ 1907ರಲ್ಲಿ ಮುಗಿಯಿತು. ಆರಂಭವಾದಾಗ ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನೇ ಇದಕ್ಕೆ ಇಟ್ಟರು. ಕಟ್ಟೆಯ ನೀರು 130 ಅಡಿ ಮುಟ್ಟಿದರೆ ಕೋಡಿ ಬೀಳುತ್ತದೆ. 1933ರಲ್ಲಿ ಒಮ್ಮೆ ಬಿದ್ದಿತು. ಬಳಿಕ ಮಕ್ಕಳು ತರುಣರಾದರು, ತರುಣರು ಮುದುಕರಾದರು, ಕೋಡಿ ಬೀಳಲಿಲ್ಲ. 89 ವರ್ಷಗಳ ಮೇಲೆ 2022ರ ಸೆಪ್ಟೆಂಬರಿನಲ್ಲಿ ಬಿದ್ದಾಗ ಆಬಾಲವೃದ್ಧರಾಗಿ ಜನ ಹರಿದುಬಂದರು. 2025ರ ಜನವರಿಯಲ್ಲಿ ಅದು ಮತ್ತೆ ಬಿದ್ದಿತು. ನಿಮ್ಮ ಅಜ್ಜ ಜೀವಮಾನವೆಲ್ಲ ಕಾದರೂ ಕಾಣದೆ ಹೋದುದನ್ನು ನೀವು ಇಪ್ಪತ್ತರ ವಯಸ್ಸಿನಲ್ಲೇ ಕಂಡಿರಿ. ಇದು ಸಾಮಾನ್ಯ ಭಾಗ್ಯವಲ್ಲ.

ನೀರಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ರಜೆಯ ದಿನಗಳಲ್ಲಿ ಪತ್ರಿಕೆಯನ್ನು ತೆರೆಯಲು ನನಗೆ ಅಂಜಿಕೆ. ಗೆಳೆಯರೊಡನೆ ಕೆರೆಗೆ ಇಳಿದವರು ಮರಳಲಿಲ್ಲವೆಂಬ ಸುದ್ದಿ ವರ್ಷವೂ ಯಾವುದೋ ಊರಿನಿಂದ ಬರುತ್ತದೆ. ಹೊಂಡದ ಮೆಟ್ಟಿಲಿಗೆ ಪಾಚಿ ಹಿಡಿದಿರುತ್ತದೆ. ಕೆರೆಯಲ್ಲಿ ಮಣ್ಣು ತೆಗೆದ ಗುಂಡಿ ಮೇಲಿನಿಂದ ಕಾಣದು. ಮೊಣಕಾಲುದ್ದದ ನೀರಿನಿಂದ ಮುಂದಿನ ಹೆಜ್ಜೆಗೇ ಆಳ ಸಿಕ್ಕೀತು. ಕೋಡಿಯ ನೀರು ತೆಳ್ಳಗೆ ಕಂಡರೂ ಕಾಲನ್ನು ಸೆಳೆಯುತ್ತದೆ. ಒಬ್ಬನು ಮುಳುಗುತ್ತಿರುವಾಗ ಈಜು ಬಾರದ ಗೆಳೆಯನು ಹಾರಿದರೆ ಒಂದು ಮನೆಯ ದುಃಖ ಎರಡು ಮನೆಯದಾಗುತ್ತದೆ. ದಡದಲ್ಲೇ ನಿಂತು ಹಗ್ಗವನ್ನೋ ಪಂಚೆಯನ್ನೋ ದುಪಟ್ಟಾವನ್ನೋ ಉದ್ದನೆಯ ಕೊಂಬೆಯನ್ನೋ ಚಾಚಿರಿ. ಕೂಗಿ ಜನರನ್ನು ಕರೆಯಿರಿ. 112ಕ್ಕೆ ಫೋನು ಮಾಡಿರಿ. ಪ್ರಾಣಸ್ನೇಹವೆಂದರೆ ಪ್ರಾಣವನ್ನು ಉಳಿಸುವ ಸ್ನೇಹವೆಂದೇ ನಾನು ನಮ್ಮ ತರಗತಿಯಲ್ಲಿ ಅರ್ಥ ಹೇಳುತ್ತೇನೆ.

ಮೂರನೆಯ ದಿನ ಹೊಸದುರ್ಗ. ನಿನ್ನೆ ಕಟ್ಟೆಯಲ್ಲಿ ಕಂಡ ವೇದಾವತಿ ಈ ತಾಲ್ಲೂಕನ್ನು ಹಾಯ್ದೇ ಅಲ್ಲಿಗೆ ಬಂದಿರುತ್ತಾಳೆ. ಬಾಬಾಬುಡನ್‌ಗಿರಿಯ ಕಡೆಯಿಂದ ಬರುವ ವೇದಾ, ಅವತಿ ಎಂಬೆರಡು ಹೊಳೆಗಳು ಕೂಡಿ ವೇದಾವತಿಯಾಗುತ್ತವೆ. ಹೆಸರೂ ಹಾಗೆಯೇ ಕೂಡಿದೆ. ಹಾಲುರಾಮೇಶ್ವರದ ಕೊಳದ ಮುಂದೆ ಹರಕೆ ಹೊತ್ತು ಪ್ರಸಾದಕ್ಕಾಗಿ ಕಾಯುವ ಭಕ್ತರನ್ನು ನೋಡಿ. ಆ ಬಳಿಕ ಸಾಣೇಹಳ್ಳಿಗೆ ಬನ್ನಿ. ಮನರಂಜನೆಯೆಂದರೆ ಅಂಗೈಯಗಲದ ಪರದೆಯೆಂದು ತಿಳಿದವರು ಅವಶ್ಯವಾಗಿ ಕಾಣಬೇಕಾದ ಊರು ಇದು. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳ ಆಸಕ್ತಿಯಿಂದ ಬೆಳೆದ ಶಿವಕುಮಾರ ಕಲಾಸಂಘವು 1997ರಲ್ಲಿ 'ಶಿವಸಂಚಾರ'ವೆಂಬ ತಿರುಗಾಟದ ನಾಟಕ ತಂಡವನ್ನು ಕಟ್ಟಿತು. ವರ್ಷಕ್ಕೆ ಮೂರು ನಾಟಕಗಳನ್ನು ಕಲಿತು ತಂಡವು ನಾಡೆಲ್ಲ ಸುತ್ತುತ್ತದೆ. ನವೆಂಬರಿನ ಆರಂಭದಲ್ಲಿ ಇಲ್ಲಿ ನಾಟಕೋತ್ಸವ ನಡೆಯುವ ವಾಡಿಕೆಯಿದೆ. ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಹಳ್ಳಿಯ ರೈತ, ಪಟ್ಟಣದ ವಿದ್ಯಾರ್ಥಿ, ಸೊಂಟದ ಮೇಲೆ ಕೂಸನ್ನಿಟ್ಟುಕೊಂಡ ತಾಯಿ ಒಟ್ಟಿಗೆ ಕುಳಿತು ನಾಟಕ ನೋಡುತ್ತಾರೆ. ಒಬ್ಬರು ನಕ್ಕರೆ ಪಕ್ಕದವರಿಗೂ ನಗು ಬರುತ್ತದೆ. ಒಬ್ಬೊಬ್ಬರೇ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ನೋಡುವ ಆಟದಲ್ಲಿ ಈ ಸುಖವಿಲ್ಲ.

ನಾಲ್ಕನೆಯ ದಿನ ಹೊಳಲ್ಕೆರೆ. ಇಲ್ಲಿಯ ಬೃಹತ್ ಗಣಪತಿಯು ಮೇಲೆ ಮಾಡಿಲ್ಲದೆ ಬಿಸಿಲುಮಳೆಗೆ ಮೈಯೊಡ್ಡಿ ಕುಳಿತಿದ್ದಾನೆ. ಆದಕಾರಣ ಬಯಲು ಗಣಪನೆಂದೇ ಪ್ರಸಿದ್ಧಿ. ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮೀಜಿಯವರ ಅನಾಥ ಸೇವಾಶ್ರಮವಿದೆ. 1996ರಲ್ಲಿ ಕಾಲವಾದ ಆ ಹಿರಿಯರು ಸಹಸ್ರಾರು ಮಂದಿಗೆ ಯೋಗವನ್ನು ಕಲಿಸಿದರು. 'ತಿರುಕ' ಎಂಬ ಹೆಸರಿನಲ್ಲಿ ಬರೆದರು. ತಿರಿದು ತಿನ್ನುವವನು ತಿರುಕ. ತಿರಿದು ತಂದು ಇತರರಿಗೆ ಉಣ್ಣಿಸಿದವರು ಆ ಪದಕ್ಕೆ ಹೊಸ ಅರ್ಥವನ್ನೇ ಕೊಟ್ಟರು. ಇದೇ ತಾಲ್ಲೂಕಿನ ಚಿಕ್ಕಜಾಜೂರಿನಲ್ಲಿ ರೈಲುದಾರಿಗಳು ಕೂಡುತ್ತವೆ. ಬೆಂಗಳೂರು, ಹುಬ್ಬಳ್ಳಿಗಳ ನಡುವಣ ಹಳಿಯಿಂದ ಚಿತ್ರದುರ್ಗ, ರಾಯದುರ್ಗಗಳ ಕಡೆಗೆ ಕವಲೊಡೆಯುವುದು ಇಲ್ಲಿಯೇ. ನಿಮ್ಮಲ್ಲಿ ಎಷ್ಟೋ ಮಂದಿ ಕೆಲಸಕ್ಕಾಗಿ ಊರು ಬಿಡುವ ದಿನ ಈ ನಿಲ್ದಾಣದಲ್ಲಿ ಗಂಟುಮೂಟೆಯೊಡನೆ ನಿಲ್ಲುವಿರಿ. ಅದಕ್ಕೆ ಮುಂಚೆ ಒಮ್ಮೆ ಬರಿಗೈಯಲ್ಲಿ ಬಂದು ನೋಡಿ ಹೋಗುವುದು ಒಳ್ಳೆಯದು.

ಇನ್ನು ಸಂಗಡಿಗರ ವಿಚಾರ. ನಾಲ್ಕೈದು ಮಂದಿಯ ಗುಂಪು ಲೇಸು. ಹೆಚ್ಚಾದರೆ ಗದ್ದಲ, ಕಡಮೆಯಾದರೆ ಬೇಸರ. ಒಬ್ಬರು ಹಣದ ಲೆಕ್ಕ ಬರೆಯಲಿ, ಒಬ್ಬರು ಬಸ್ಸಿನ ವೇಳೆ ವಿಚಾರಿಸಲಿ, ಒಬ್ಬರು ಬುತ್ತಿಯ ಹೊಣೆ ಹೊರಲಿ, ಒಬ್ಬರು ಕಂಡದ್ದನ್ನೂ ಕೇಳಿದ್ದನ್ನೂ ಟಿಪ್ಪಣಿ ಮಾಡಿಕೊಳ್ಳಲಿ. ಮರುದಿನ ಕೆಲಸಗಳನ್ನು ಅದಲುಬದಲು ಮಾಡಿಕೊಳ್ಳಿ. ಯಾರು ಎಂಥವರೆಂಬುದು ಕಾಲೇಜಿನ ಮೂರು ವರ್ಷಗಳಿಗಿಂತ ಚೆನ್ನಾಗಿ ತಿಳಿಯುತ್ತದೆ. 2023ರ ಜೂನಿನಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಆರಂಭವಾದ ಮೇಲೆ, ಗುಡಿಗೂ ತವರಿಗೂ ಮಾತ್ರ ಹೋಗುತ್ತಿದ್ದ ಅನೇಕರು ಗೆಳತಿಯರೊಡನೆ ಊರು ನೋಡಲು ಹೊರಟಿದ್ದಾರೆ. ತಂದೆತಾಯಿಗಳಲ್ಲಿ ನನ್ನ ಬಿನ್ನಹವಿಷ್ಟೆ: ಮಗನಿಗೆ ಕೇಳದೆಯೇ ಸಿಗುವ ಒಪ್ಪಿಗೆ ಮಗಳಿಗೂ ಸಿಗಲಿ. ರಜೆಯೆಂದರೆ ಒಪ್ಪಿಗೆಯೇ ತಾನೆ?

ಹೊರಡುವ ಮುಂಚೆ ಮನೆಯ ಹಿರಿಯರನ್ನು ಒಂದು ಪ್ರಶ್ನೆ ಕೇಳಿ: "ನಿಮ್ಮ ಕಾಲದಲ್ಲಿ ನಮ್ಮೂರಿಗೆ ಕುಡಿಯುವ ನೀರು ಎಲ್ಲಿಂದ ಬರುತ್ತಿತ್ತು?" ಅವರು ಹೇಳುವ ಬಾವಿಯನ್ನೋ ಕಟ್ಟೆಯನ್ನೋ ಮೊದಲು ನೋಡಿಕೊಂಡು, ಆಮೇಲೆ ಬಸ್ಸು ಹತ್ತಿ. ನಾಲ್ಕು ದಿನಕ್ಕೆ ಬೇಕಾದ ಕುತೂಹಲ ಅಲ್ಲಿಯೇ ಹುಟ್ಟುತ್ತದೆ. ಬಿಸಿಲಿಗೆ ಟೋಪಿಯನ್ನೂ ಕುಡಿಯಲು ನೀರನ್ನೂ ಮರೆಯಬೇಡಿ.